ಯುವಕ ಸಂಘದ ಹಾಜರಿ: ಪುಸ್ತಕ, ವಾಟ್ಸ್‌ಆ್ಯಪ್, ಆ್ಯಪ್, ಯಂತ್ರ – ಯಾರಿಗೆ ಯಾವುದು?

ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳಲ್ಲಿ ಯುವಕ ಸಂಘ, ಯುವತಿ ಮಂಡಳಿ ನಡೆಸುವವರಿಂದ ಈಚೆಗೆ ಮತ್ತೆ ಮತ್ತೆ ಬರುತ್ತಿರುವ ಪ್ರಶ್ನೆ ಇದು: ಹಾಜರಿಗೆ ಪುಸ್ತಕ ಸಾಕೇ, ಆ್ಯಪ್ ಬೇಕೇ? ಕುಷ್ಟಗಿ ಕಡೆ ಸಂಜೆ ಕಬಡ್ಡಿ ಆಡಿಸುವವರಿಗೆ ಪುಸ್ತಕ ಹಳೆಯ ಕಾಲದ್ದಾಯಿತೇನೋ ಎಂಬ ಸಂಕೋಚ. ಸಿಂಧನೂರು ಕಡೆ ಹೊಲಿಗೆ, ಕಂಪ್ಯೂಟರ್ ಕಲಿಸುವ ಯುವತಿ ಮಂಡಳಿಯ ಮುಂದೆ ದಾನಿಗಳು ಬೆರಳಚ್ಚು ಯಂತ್ರದ ಮಾತು ಎತ್ತಿದ್ದಾರೆ. ಬಳ್ಳಾರಿ ನಗರದ ವಾರ್ಡೊಂದರಲ್ಲಿ ಮಕ್ಕಳಿಗೆ ಓದು ಹೇಳಿಕೊಡುವವರು ಗೂಗಲ್ ಫಾರ್ಮ್ (ಫೋನಿನಲ್ಲಿ ತುಂಬುವ ಪ್ರಶ್ನೆಪಟ್ಟಿ) ಮಾಡಿಟ್ಟುಕೊಂಡು, ಅದನ್ನು ತುಂಬುವವರಿಲ್ಲದೆ ಕುಳಿತಿದ್ದಾರೆ. ಇದರ ಬೆನ್ನಿಗೇ ಎರಡನೆಯ ಪ್ರಶ್ನೆ. ‘ಇಷ್ಟು ಮಂದಿ ಬಂದರು’ ಎಂದು ತೋರಿಸಿದರೆ ‘ಬಂದು ಏನಾಯಿತು?’ ಎನ್ನುತ್ತಾರಲ್ಲ, ಅದಕ್ಕೆ ಏನು ತೋರಿಸುವುದು?

ಎರಡನ್ನೂ ಒಟ್ಟಿಗೇ ನೋಡಬೇಕು. ಹಾಜರಿಯೇ ಸರಿ ಇಲ್ಲದಿದ್ದರೆ ಫಲಿತಾಂಶದ ಯಾವ ಲೆಕ್ಕವೂ ನಿಲ್ಲುವುದಿಲ್ಲ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಹಾಜರಿಯನ್ನು ಓದುವವರು ಇಬ್ಬರು: ಮುಂದಿನ ಸೋಮವಾರ ನೀವು, ಮಾರ್ಚ್ ತಿಂಗಳಲ್ಲಿ, ನಿಮಗೆ ಹಣ ಕೊಟ್ಟ ದಾನಿಗಳು. ವಿಧಾನವನ್ನು ನಿಮಗಾಗಿ ಆರಿಸಿಕೊಳ್ಳಿ. ಹಣ ಕೊಟ್ಟವರಿಗೆ ಬೇಕಾದದ್ದು ಅದರೊಳಗಿಂದಲೇ ಸಿಗುತ್ತದೆ. ಅವರಿಗಾಗಿಯೇ ಆರಿಸಿದರೆ ಮಾರ್ಚ್‌ನಲ್ಲಿ ಚೆಂದದ ವರದಿ ಇರುತ್ತದೆ, ಜುಲೈನಲ್ಲಿ ಬರುವುದನ್ನು ಬಿಟ್ಟ ಹುಡುಗಿ ಯಾರೆಂಬುದು ಮಾತ್ರ ಯಾರಿಗೂ ಗೊತ್ತಿರುವುದಿಲ್ಲ.

ಯಾವುದನ್ನು ನೋಡಿ ಆರಿಸುವುದು

ಮೊದಲು ನೋಡಬೇಕಾದದ್ದು, ಹಾಜರಿ ಹಾಕುವವರು ಯಾರು ಎಂಬುದನ್ನು. ಸಂಬಳದ ಸಿಬ್ಬಂದಿ ಇರುವ ಸಂಘಗಳು ವಿರಳ. ಆಟ ಆಡಿಸುವವನೇ ಹಾಜರಿ ಹಾಕಬೇಕು, ಚೆಂಡು ಎಣಿಸಿಡಬೇಕು, ಬೀಗವನ್ನೂ ಹಾಕಬೇಕು. ಅವನ ಬಳಿ ಇರುವುದು ಐದು ನಿಮಿಷ. ಅಷ್ಟರಲ್ಲಿ ಮುಗಿಯದ ವಿಧಾನ ಎಷ್ಟೇ ಒಳ್ಳೆಯದಿದ್ದರೂ ಎರಡನೆಯ ವಾರಕ್ಕೆ ನಿಂತುಹೋಗುತ್ತದೆ. ಮುಂದಿನದು, ಕರೆಂಟ್ ಇಲ್ಲದ, ನೆಟ್‌ವರ್ಕ್ ಸಿಗದ ಸಂಜೆಯೂ ಅದು ನಡೆಯುತ್ತದೆಯೇ ಎಂಬುದು. ಅನಂತರ, ಬರುವುದನ್ನು ನಿಲ್ಲಿಸಿದವರ ಹೆಸರು ಒಂದು ವಾರದೊಳಗೆ ಕಣ್ಣಿಗೆ ಬೀಳುತ್ತದೆಯೇ? ನನ್ನ ಮಟ್ಟಿಗೆ ಉಳಿದೆಲ್ಲಕ್ಕಿಂತ ಇದೇ ದೊಡ್ಡದು. ಒಬ್ಬ ಹುಡುಗನನ್ನು ಜೂನ್‌ನಿಂದ ಮಾರ್ಚ್‌ವರೆಗೆ ಗುರುತು ತಪ್ಪದೆ ಹಿಂಬಾಲಿಸಲು ಸಾಧ್ಯವೇ ಎಂಬುದೂ, ಮಕ್ಕಳ ವಿವರ ಯಾರ ಯಾರ ಕೈ ಸೇರುತ್ತದೆ ಎಂಬುದೂ ಬೇಕು. ಖರ್ಚನ್ನು ಕೊನೆಗಿಟ್ಟಿದ್ದೇನೆ. ಈ ಕೆಲಸದಲ್ಲಿ ದುಬಾರಿಯಾಗುವುದು ಸಾಮಾನಿನ ಬೆಲೆಗಿಂತ ಅದನ್ನು ತುಂಬುವವರ ಹೊತ್ತು.

ಮಕ್ಕಳ ವಿವರದ ಬಗ್ಗೆ ಇಲ್ಲಿಯೇ ಒಂದು ಮಾತು. ರಾಷ್ಟ್ರೀಯ ಯುವ ನೀತಿ 2014ರ ಪ್ರಕಾರ ಯುವಜನರೆಂದರೆ 15ರಿಂದ 29 ವರ್ಷದವರು. ಅಂದರೆ ಸಂಘಕ್ಕೆ ಬರುವವರಲ್ಲಿ 18 ತುಂಬದವರು ಇದ್ದೇ ಇರುತ್ತಾರೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರ ಪ್ರಕಾರ ಅವರು ಮಕ್ಕಳು; ಅವರ ವಿವರ ಪಡೆಯಲು ಪಾಲಕರ ಒಪ್ಪಿಗೆ ಬೇಕು, ಆ ಒಪ್ಪಿಗೆ ಪರಿಶೀಲಿಸಿ ನೋಡುವಂತಿರಬೇಕು. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ. ಮುಖ್ಯ ಹೊಣೆಗಾರಿಕೆಗಳು ಜಾರಿಯಾಗಲು 18 ತಿಂಗಳ ಕಾಲಾವಕಾಶ ಕೊಟ್ಟಿದ್ದಾರೆ. ಕಾಗದದಲ್ಲಿಯೇ ಉಳಿಯುವ ಪುಸ್ತಕಕ್ಕೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಅದೇ ಪುಟವನ್ನು ಫೋನಿಗೋ ಕಂಪ್ಯೂಟರಿಗೋ ಏರಿಸಿದಿರಿ ಎಂದರೆ ಅನ್ವಯಿಸುತ್ತದೆ. ಯಾವ ವಿಧಾನವನ್ನೇ ಆರಿಸಿದರೂ ಸೇರುವ ದಿನವೇ ತಂದೆಯದೋ ತಾಯಿಯದೋ ಸಹಿ ಇರುವ ಒಂದು ಒಪ್ಪಿಗೆ ಪತ್ರ ತೆಗೆದುಕೊಂಡಿಡಿ. ಆಧಾರ್ ಸಂಖ್ಯೆ ಕೇಳಲೇಬೇಡಿ. ಕಬಡ್ಡಿ ಆಡುವುದಕ್ಕೆ ಅದು ಬೇಕಿಲ್ಲ.

ಪುಸ್ತಕ

ಉದ್ದನೆಯ ಹಾಜರಿ ಪುಸ್ತಕಕ್ಕೆ ಬಜಾರಿನಲ್ಲಿ ಹೆಚ್ಚೆಂದರೆ ಒಂದೆರಡು ನೂರು ರೂಪಾಯಿ; ಒಂದು ವರ್ಷಕ್ಕೆ ಧಾರಾಳವಾಗಿ ಸಾಕು. ಕರೆಂಟ್ ಬೇಡ, ನೆಟ್‌ವರ್ಕ್ ಬೇಡ, ಯಾರಿಗೂ ಕಲಿಸಬೇಕಾಗಿಲ್ಲ. ಪುಸ್ತಕದ ಮೇಲೆ ಜನ ಹೊರಿಸುವ ದೂರುಗಳಲ್ಲಿ ಹೆಚ್ಚಿನವು ಪುಸ್ತಕದ್ದಲ್ಲ, ಅದನ್ನು ತುಂಬುವ ರೀತಿಯದು.

ಮೊದಲ ತೊಡಕು ಹೆಸರಿನದು. ಕೊಪ್ಪಳದ ಸುತ್ತ ಒಂದೇ ಪಟ್ಟಿಯಲ್ಲಿ ಇಬ್ಬರು ಗವಿಸಿದ್ದಪ್ಪ, ಮೂವರು ಹುಲಿಗೆಮ್ಮ ಇರುವುದು ದೊಡ್ಡ ವಿಷಯವೇ ಅಲ್ಲ. ಶಾಲೆಯಲ್ಲೊಂದು ಹೆಸರು, ಮನೆಯಲ್ಲೊಂದು ಹೆಸರು ಇರುವವರೂ ಇದ್ದಾರೆ. ಪ್ರತಿ ತಿಂಗಳು ಹೊಸ ಪುಟದಲ್ಲಿ ಹೆಸರುಗಳನ್ನು ಮತ್ತೆ ಬರೆಯುವಾಗ ಕ್ರಮ ಬದಲಾಗಿ, ಜೂನ್‌ನ ಹುಲಿಗೆಮ್ಮ ಯಾರು, ಸೆಪ್ಟೆಂಬರ್‌ನ ಹುಲಿಗೆಮ್ಮ ಯಾರು ಎಂದು ತಿಳಿಯದಂತಾಗುತ್ತದೆ. ಇದಕ್ಕೆ ಮದ್ದು ಸುಲಭ: ಸೇರಿದ ದಿನ ಪ್ರತಿಯೊಬ್ಬರಿಗೂ ಒಂದು ಕಾಯಂ ಸಂಖ್ಯೆ. ಒಬ್ಬರು ಬಿಟ್ಟುಹೋದರೂ ಆ ಸಂಖ್ಯೆಯನ್ನು ಇನ್ನೊಬ್ಬರಿಗೆ ಕೊಡಬಾರದು. ಮುಂದೆ ಓಟದ ಪರೀಕ್ಷೆಯ ಹಾಳೆಯಲ್ಲಿ, ಓದಿನ ಪರೀಕ್ಷೆಯ ಹಾಳೆಯಲ್ಲಿ ಅದೇ ಸಂಖ್ಯೆ ಬಳಸಿದರೆ ಹಾಜರಿಯನ್ನೂ ಫಲಿತಾಂಶವನ್ನೂ ಒಂದು ಗಂಟೆಯಲ್ಲಿ ಜೋಡಿಸಬಹುದು.

ಹೆಸರಿನ ಪಕ್ಕದಲ್ಲಿ ವಯಸ್ಸು, ಓದುತ್ತಿದ್ದಾರೋ ದುಡಿಯುತ್ತಿದ್ದಾರೋ ಎಂಬುದು, ಮತ್ತು ಓಣಿ. ಈ ಓಣಿಯ ಕಾಲಂ ಅನ್ನು ಬಿಡಬೇಡಿ. ಜಾತಿ ಕೇಳುವ ಅಗತ್ಯವೇ ಇಲ್ಲ. ಯಾವ ಓಣಿಯಿಂದ ಒಬ್ಬರೂ ಬರುತ್ತಿಲ್ಲ ಎಂದು ಒಮ್ಮೆ ಎಣಿಸಿ ನೋಡಿದರೆ ಸಂಘ ಯಾರದು, ಯಾರದಲ್ಲ ಎಂಬುದು ಹೊರಬೀಳುತ್ತದೆ. ಮೈದಾನ ಯಾವ ದೇವಸ್ಥಾನದ ಮುಂದಿದೆ, ಕುಡಿಯುವ ನೀರಿನ ಕೊಡವನ್ನು ಯಾರು ತುಂಬುತ್ತಾರೆ ಎಂಬುದರ ಮೇಲೆ ಹಾಜರಿ ನಿಂತಿರುವ ಊರುಗಳು ಇನ್ನೂ ಇವೆ. ಯಾವ ಆ್ಯಪ್ ಕೂಡ ಇದನ್ನು ತಾನಾಗಿ ಹೇಳುವುದಿಲ್ಲ.

ಇನ್ನು ಗೈರಿನ ಕಾರಣ. ನಮ್ಮ ಭಾಗದಲ್ಲಿ ‘ಬಂದ, ಬರಲಿಲ್ಲ’ ಎಂಬ ಎರಡೇ ಗುರುತು ಸಾಲದು. ಕಾಲುವೆಗೆ ನೀರು ಬಿಟ್ಟು ಗಂಗಾವತಿ, ಸಿಂಧನೂರು, ಸಿರುಗುಪ್ಪ ಕಡೆ ಭತ್ತದ ನಾಟಿ ಶುರುವಾದರೆ ಹುಡುಗಿಯರು ಹದಿನೈದು ದಿನ ಕಾಣುವುದಿಲ್ಲ. ರಾಯಚೂರು ಕಡೆ ಹತ್ತಿ ಬಿಡಿಸುವ ದಿನಗಳಲ್ಲೂ ಹಾಗೆಯೇ. ಕೆಲವು ಮನೆಗಳು ಬೆಂಗಳೂರು, ಗೋವಾ, ಪುಣೆಗೆ ಗುಳೆ ಹೋದರೆ ತಿಂಗಳುಗಟ್ಟಲೆ ಇಲ್ಲ. ಜನವರಿಯಲ್ಲಿ ಗವಿಮಠದ ಜಾತ್ರೆ, ಬೇಸಿಗೆಯಲ್ಲಿ ಹುಲಿಗಿಯ ಜಾತ್ರೆ, ಮೊಹರಂ ಬಂದಾಗ ಅಲಾಯಿ ಕುಣಿತದ ರಾತ್ರಿಗಳು. ಇವರೆಲ್ಲರೂ ಗೈರು ನಿಜ, ಆದರೆ ಸಂಘ ಬಿಟ್ಟವರಲ್ಲ. ಅದಕ್ಕಾಗಿ ಬಂದರೆ ‘ಹಾ’, ಕೂಲಿಗೆ ಹೋದರೆ ‘ಕೂ’, ಗುಳೆಗೆ ‘ಗು’, ಪರೀಕ್ಷೆಗೆ ‘ಪ’, ಹಬ್ಬ-ಜಾತ್ರೆಗೆ ‘ಜಾ’ ಎಂದು ಬರೆಯಿರಿ. ಕಾರಣ ಗೊತ್ತಿಲ್ಲದಿದ್ದರೆ ಮಾತ್ರ ‘ಗೈ’. ಸತತ ಮೂರು ‘ಗೈ’ ಬಿದ್ದವರ ಮನೆಗೆ ಆ ವಾರವೇ ಯಾರಾದರೂ ಹೋಗಿ ಮಾತನಾಡಿಸಬೇಕು. ಸಂಘಕ್ಕೆ ಹಾಜರಿ ಪುಸ್ತಕ ಬೇಕಾಗಿರುವುದೇ ಇದಕ್ಕೆ.

ಪುಸ್ತಕದ ನಿಜವಾದ ಕೊರತೆ ಕೂಡಿಸುವಾಗ ಗೊತ್ತಾಗುತ್ತದೆ. 40 ಹೆಸರು, 25 ದಿನ ಎಂದರೆ ಸಾವಿರ ಚೌಕ. ತಿಂಗಳಿಗೊಮ್ಮೆ ಎಣಿಸಬಹುದು, ವರ್ಷದ ಲೆಕ್ಕ, ಹುಡುಗಿಯರು ಬೇರೆ, ಹುಡುಗರು ಬೇರೆ, ಓಣಿವಾರು ಎಂದೆಲ್ಲ ಕೇಳಿದರೆ ಕಷ್ಟ. ಪುಸ್ತಕ ಕಳೆದರೆ ಎಲ್ಲವೂ ಹೋಯಿತು. ತಿಂಗಳ ಕೊನೆಗೆ ಕುಳಿತು ಹಿಂದಿನದನ್ನೆಲ್ಲ ತುಂಬುವ ಚಾಳಿಯೂ ಉಂಟು. ಎಲ್ಲ ಚೌಕಗಳೂ ಒಂದೇ ಶಾಯಿಯಲ್ಲಿ, ಒಂದೇ ಓರೆಯಲ್ಲಿ ಇರುವ ಪುಟ ಮೈದಾನದಲ್ಲಿ ಬರೆದದ್ದಲ್ಲ ಎಂದು ನೋಡಿದವರಿಗೆಲ್ಲ ತಿಳಿಯುತ್ತದೆ.

ವಾಟ್ಸ್‌ಆ್ಯಪ್

ನಾಳೆ ಪಂದ್ಯಕ್ಕೆ ಯಾರು ಬರುತ್ತೀರಿ ಎಂದು ಕೇಳಲು ವಾಟ್ಸ್‌ಆ್ಯಪ್‌ನ ಮತದಾನದ ಸೌಲಭ್ಯ ಚೆನ್ನಾಗಿದೆ. 2022ರ ಕೊನೆಯಲ್ಲಿ ಬಂದ ಈ ಸೌಲಭ್ಯವನ್ನೇ ಹಾಜರಿಯಾಗಿ ಬಳಸುತ್ತಿರುವ ಸಂಘಗಳೂ ಇವೆ. ನಾನು ಬೇಡ ಎನ್ನುತ್ತೇನೆ. ಹದಿನಾರು ವರ್ಷದ ಹುಡುಗಿಯ ‘ನಂಬರ್’ ಬಹಳ ಸಲ ಅವಳ ಅಪ್ಪನದೋ ಅಣ್ಣನದೋ ಆಗಿರುತ್ತದೆ. ಫೋನ್ ಹೊಲದಲ್ಲಿ, ಹುಡುಗಿ ಮೈದಾನದಲ್ಲಿ. ಅವಳದೇ ಫೋನ್ ಇದ್ದರೆ ಇನ್ನೂ ತೊಂದರೆ: ಗುಂಪಿನಲ್ಲಿ ಅವಳ ಸಂಖ್ಯೆ ಎಲ್ಲ ಹುಡುಗರಿಗೂ ಕಾಣುತ್ತದೆ. ರಾತ್ರಿ ಹತ್ತಕ್ಕೆ ಒಂದು ಅನಾಮಿಕ ‘ಹಾಯ್’ ಬಂದರೆ ಸಾಕು, ಮರುದಿನದಿಂದ ಅವಳು ಸಂಘಕ್ಕೆ ಬರುವುದಿಲ್ಲ, ಅವಳ ತಂಗಿಯೂ ಬರುವುದಿಲ್ಲ. ಗುಂಪು ಇಟ್ಟುಕೊಳ್ಳುವುದೇ ಆದರೆ ಸಂಘಟಕರು ಮಾತ್ರ ಸಂದೇಶ ಹಾಕುವಂತೆ ಇಡಿ, ಯುವತಿಯರದು ಬೇರೆ ಇರಲಿ.

ದಿನಕ್ಕೊಂದು ಗುಂಪು ಫೋಟೊ ತೆಗೆದರೆ ಆಯಿತಲ್ಲ ಎನ್ನುವವರಿಗೆ ಉದ್ಯೋಗ ಖಾತರಿಯ ಕಥೆ ನೆನಪಿಸುತ್ತೇನೆ. 2023ರ ಜನವರಿಯಿಂದ ನರೇಗಾ ಕೆಲಸದ ಸ್ಥಳಗಳಲ್ಲಿ ಮೊಬೈಲ್ ಆ್ಯಪ್‌ನಲ್ಲಿ ದಿನಕ್ಕೆ ಎರಡು ಬಾರಿ ಫೋಟೊ ಸಹಿತ ಹಾಜರಿ ಕಡ್ಡಾಯವಾಯಿತು. 2025ರ ಜುಲೈನಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ಸುತ್ತೋಲೆ ಹೊರಡಿಸಿ, ಕೆಲಸಕ್ಕೆ ಸಂಬಂಧವಿಲ್ಲದ ಚಿತ್ರಗಳನ್ನು, ಫೋಟೊದ ಫೋಟೊ ತೆಗೆದು ಹಾಕುವುದನ್ನು ಪಟ್ಟಿಮಾಡಿ ಎಚ್ಚರಿಸಬೇಕಾಯಿತು. ಮೇಲಾಗಿ ಗುಂಪು ಫೋಟೊದಲ್ಲಿ ಯಾರಿಲ್ಲ ಎಂದು ಹುಡುಕಲು ಮತ್ತೆ ಪಟ್ಟಿಯೇ ಬೇಕು.

ಗೂಗಲ್ ಶೀಟ್ ಮತ್ತು ಫಾರ್ಮ್

ಎರಡನ್ನೂ ಒಂದೇ ಎಂದುಕೊಳ್ಳುವವರು ಬಹಳ. ದಿನನಿತ್ಯದ ಹಾಜರಿಗೆ ಫಾರ್ಮ್ ತೀರಾ ತಪ್ಪು ಸಾಧನ: ಒಬ್ಬೊಬ್ಬರಿಗೂ ಒಂದೊಂದು ಬಾರಿ ತುಂಬಬೇಕು, ಒಬ್ಬ ‘ಬಸವರಾಜ’ ಎಂದೂ ‘ಬಸು’ ಎಂದೂ ಬರೆದುಕೊಂಡು ಇಬ್ಬರಾಗುತ್ತಾನೆ. ವರ್ಷಕ್ಕೊಮ್ಮೆ ಹೆಸರು ನೋಂದಾಯಿಸಲು ಮಾತ್ರ ಫಾರ್ಮ್ ಸರಿ. ಬಳ್ಳಾರಿಯ ಗೆಳೆಯರು ಮಾಡಿಟ್ಟುಕೊಂಡಿರುವ ಫಾರ್ಮ್ ಯಾಕೆ ಖಾಲಿ ಇದೆ ಎಂಬುದಕ್ಕೆ ಉತ್ತರವೂ ಇದರಲ್ಲೇ ಇದೆ.

ಶೀಟ್ ಹಾಗಲ್ಲ, ಅದು ಕಂಪ್ಯೂಟರಿನಲ್ಲಿ ತುಂಬುವ ಕೋಷ್ಟಕ. ಸಾಲಿಗೊಬ್ಬರು, ದಿನಕ್ಕೊಂದು ಕಾಲಂ. ಹೆಸರಿನ ಮುಂದೆ ಆ ಕಾಯಂ ಸಂಖ್ಯೆ. ‘ಹಾ’ ಎಷ್ಟು ಎಂದು ಎಣಿಸುವ ಒಂದೇ ಸೂತ್ರ ಬರೆದಿಟ್ಟರೆ ಒಟ್ಟು ತಾನಾಗಿ ಬರುತ್ತದೆ, ‘ಗೈ’ ಇರುವ ಚೌಕ ಕೆಂಪಾಗುವಂತೆ ಮಾಡಬಹುದು, ಓಣಿವಾರು ಬೇರ್ಪಡಿಸಬಹುದು. ಹಣ ಖರ್ಚಾಗುವುದಿಲ್ಲ. ಮೈದಾನದಲ್ಲಿ ಫೋನಿನ ಸಣ್ಣ ಪರದೆಯ ಮೇಲೆ ಇದನ್ನು ತುಂಬಲು ಹೋಗಬೇಡಿ, ಬೆರಳು ಪಕ್ಕದ ಚೌಕಕ್ಕೆ ಬೀಳುತ್ತದೆ. ಸಂಜೆ ಪುಸ್ತಕ, ಭಾನುವಾರ ಶೀಟ್. ವಾರದ ಪುಟವನ್ನು ಒಬ್ಬರು ಓದಿ, ಇನ್ನೊಬ್ಬರು ತುಂಬಿದರೆ ಇಪ್ಪತ್ತು ನಿಮಿಷ. ಬಿಎ, ಬಿಕಾಂ ಓದುತ್ತಿರುವ ಒಬ್ಬ ಹುಡುಗನಿಗೋ ಹುಡುಗಿಗೋ ಈ ಕೆಲಸ ವಹಿಸಿ. ಅವರಿಗೂ ಒಂದು ವಿದ್ಯೆ ಕೈಗೆ ಹತ್ತುತ್ತದೆ. ಹಳ್ಳಿಯಲ್ಲಿ ಕಂಪ್ಯೂಟರ್ ಇಲ್ಲದಿದ್ದರೆ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ (ಗ್ರಂಥಾಲಯ) ವಿಚಾರಿಸಿ. ಒಂದೇ ಎಚ್ಚರಿಕೆ: ‘ಲಿಂಕ್ ಇರುವ ಯಾರಾದರೂ ನೋಡಬಹುದು’ ಎಂಬ ಆಯ್ಕೆಯನ್ನು ಮುಚ್ಚಿ, ಇಬ್ಬರು ಮೂವರ ಇಮೇಲ್‌ಗೆ ಮಾತ್ರ ಅನುಮತಿ ಕೊಡಿ.

ಗೋಡೆಗೆ ಕ್ಯೂಆರ್ ಸಂಕೇತ ಅಂಟಿಸಿ ಬಂದವರೇ ಸ್ಕ್ಯಾನ್ ಮಾಡುವ ಪದ್ಧತಿಯೂ ಉಂಟು. ಎಲ್ಲರ ಕೈಯಲ್ಲೂ ಫೋನ್ ಇರುವ, 18 ದಾಟಿದವರ ನಗರದ ಗುಂಪಿಗೆ ಅದು ನಡೆಯಬಹುದು. ಅದರ ಫೋಟೊ ಗೆಳೆಯನಿಗೆ ಹೋದರೆ ಅವನು ಮನೆಯಲ್ಲೇ ಕುಳಿತು ಹಾಜರಾಗುತ್ತಾನೆ ಎಂಬುದು ನೆನಪಿರಲಿ.

ಕೋಬೊ, ಒಡಿಕೆ

ನೆಟ್‌ವರ್ಕ್ ಇಲ್ಲದ ಕಡೆ ಮಾಹಿತಿ ತುಂಬಿ, ಸಿಕ್ಕಾಗ ಕಳುಹಿಸುವ ಆ್ಯಪ್‌ಗಳಲ್ಲಿ ಕೋಬೊ ಟೂಲ್‌ಬಾಕ್ಸ್ ಮತ್ತು ಒಡಿಕೆ ಹೆಸರಾದವು. ಪ್ರಶ್ನೆಗಳನ್ನು ಕನ್ನಡದಲ್ಲೇ ಬರೆಯಬಹುದು. ಸಣ್ಣ ಸಂಸ್ಥೆಗಳಿಗೆ ಕೋಬೊದಲ್ಲಿ ಉಚಿತ ಖಾತೆ ಇದೆ. ದೇವದುರ್ಗ, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳ ಹತ್ತಾರು ಹಳ್ಳಿಗಳಲ್ಲಿ ಒಂದೇ ಕಾರ್ಯಕ್ರಮ ನಡೆಸುವ ಸಂಸ್ಥೆಗೆ ಇದು ಹೇಳಿಮಾಡಿಸಿದಂತಿದೆ, ಏಕೆಂದರೆ ಎಲ್ಲ ಕೇಂದ್ರಗಳ ಪ್ರಶ್ನೆಯೂ ಉತ್ತರದ ಮಾದರಿಯೂ ಒಂದೇ ಆಗಿರುತ್ತವೆ. ಆದರೆ ಫಾರ್ಮ್ ಕಟ್ಟುವುದನ್ನು ಕಲಿತ ಒಬ್ಬರು, ಬಂದ ಮಾಹಿತಿಯನ್ನು ವಾರಕ್ಕೊಮ್ಮೆ ತೆರೆದು ನೋಡುವ ಒಬ್ಬರು ಇರಲೇಬೇಕು. ಒಂದೇ ಊರಿನ ಸಂಘಕ್ಕೆ ಇದು ಭಾರ. ನನ್ನ ಅನುಭವದಲ್ಲಿ ದಿನದ ಹಾಜರಿಗಿಂತ, ವರ್ಷಕ್ಕೆರಡು ಬಾರಿ ಮಾಡುವ ಫಲಿತಾಂಶದ ಪರೀಕ್ಷೆಗೆ ಈ ಆ್ಯಪ್‌ಗಳು ಹೆಚ್ಚು ಒದಗುತ್ತವೆ.

ಬೆರಳಚ್ಚು, ಮುಖ ಗುರುತಿಸುವ ಯಂತ್ರ

ಕೆಲವು ಸಾವಿರ ರೂಪಾಯಿಗೆ ಯಂತ್ರ ಸಿಗುತ್ತದೆ. ಗೋಡೆ, ಕರೆಂಟ್, ಬೀಗ ಬೇಕು; ಮೈದಾನಕ್ಕೆ ಗೋಡೆಯೇ ಇಲ್ಲ. ಸಿಮೆಂಟ್ ಕಲಸುವ, ಮೆಣಸಿನಕಾಯಿ ಬಿಡಿಸುವ ಕೈಗಳ ಗೆರೆ ಸವೆದಿರುತ್ತದೆ. ಪಡಿತರ ಅಂಗಡಿಯ ಮುಂದೆ ಹೆಬ್ಬೆರಳು ಒರೆಸಿ ಒರೆಸಿ ಒತ್ತುವವರನ್ನು ನೋಡಿದವರಿಗೆ ವಿವರಿಸಬೇಕಾಗಿಲ್ಲ. ಮಕ್ಕಳ ಬೆರಳಚ್ಚು ಸಂಗ್ರಹಿಸುವ ಹೊಣೆಯನ್ನು ಸಣ್ಣ ಸಂಘವೊಂದು ಹೊರಬೇಕಾದ ಕಾರಣ ನನಗೆ ಕಾಣುತ್ತಿಲ್ಲ. ಹದಿನೆಂಟು ದಾಟಿದವರಿಗೆ ದಿನದ ಲೆಕ್ಕದಲ್ಲಿ ಭತ್ಯೆ ಕೊಡುವ ಕೌಶಲ ತರಬೇತಿ ಇದ್ದರೆ, ಸುಳ್ಳು ಹಾಜರಿಯಿಂದ ಹಣ ಸೋರುವ ಭಯವಿದ್ದರೆ ಮಾತ್ರ ಯೋಚಿಸಿ. ಸಿಂಧನೂರಿನ ಮಂಡಳಿಯಲ್ಲಿ ಭತ್ಯೆ ಇಲ್ಲ ಎಂದಾದರೆ ನನ್ನ ಉತ್ತರ ಬೇಡ ಎಂದೇ.

ಹಾಜರಿಯಿಂದ ತೆಗೆಯಬೇಕಾದ ಅಂಕಿ

ಒಂದು ಕಾಲ್ಪನಿಕ ಲೆಕ್ಕ ನೋಡೋಣ. 40 ಹೆಸರು, 12 ದಿನದ ಶಿಬಿರ, ಒಟ್ಟು 240 ‘ಹಾ’. ದಿನದ ಸರಾಸರಿ 20. ವರದಿಯಲ್ಲಿ ‘240 ಯುವಜನರಿಗೆ ಪ್ರಯೋಜನ’ ಎಂದು ಬರೆಯುವವರಿದ್ದಾರೆ. ಅದು ಶುದ್ಧ ಸುಳ್ಳು, ಬಂದವರು 40 ಮಂದಿ. ‘ಅರ್ಧದಷ್ಟು ಹಾಜರಿ’ ಎಂಬುದು ಸುಳ್ಳಲ್ಲ, ಆದರೆ ಏನನ್ನೂ ಹೇಳುವುದಿಲ್ಲ. ಅದೇ ಪುಟವನ್ನು ಬೇರೆ ರೀತಿ ಎಣಿಸಿ: 14 ಮಂದಿ ಹೆಚ್ಚುಕಡಿಮೆ ಎಲ್ಲ ದಿನ ಬಂದರು, ಒಟ್ಟು 154. ಒಂಬತ್ತು ಮಂದಿ ಅರ್ಧದಷ್ಟು ದಿನ ಬಂದರು, 54. ಉಳಿದ 17 ಮಂದಿಯದು ಸೇರಿ 32, ಅಂದರೆ ತಲೆಗೆ ಎರಡು ದಿನವೂ ಇಲ್ಲ. ಈಗ ಪ್ರಶ್ನೆ ಹುಟ್ಟುತ್ತದೆ: ಈ 17 ಮಂದಿ ಯಾವ ಓಣಿಯವರು, ಹುಡುಗಿಯರೆಷ್ಟು, ಎರಡನೆಯ ದಿನ ಏನಾಯಿತು? ಕತ್ತಲಾದ ಮೇಲೆ ಮುಗಿಯುವ ಕಾರ್ಯಕ್ರಮವಾದರೆ ಉತ್ತರಕ್ಕೆ ದೂರ ಹೋಗಬೇಕಾಗಿಲ್ಲ.

ಬಂದು ಏನಾಯಿತು?

ಇಲ್ಲಿ ಆಯ್ಕೆ ಮಾಡಬೇಕಾದದ್ದು ಸಾಧನಕ್ಕಿಂತ ಮೊದಲು ಗುರಿಯನ್ನು. ವಾರಕ್ಕೆ ನಾಲ್ಕು ಸಂಜೆ ವಾಲಿಬಾಲ್ ಆಡಿಸಿ ಎಸ್‌ಎಸ್‌ಎಲ್‌ಸಿ ಫಲಿತಾಂಶ ಏರಿಸಿದೆವೆಂದು ಹೇಳಿಕೊಳ್ಳಬೇಡಿ; ಇಳಿದರೆ ಅದರ ಹೊಣೆಯೂ ನಿಮ್ಮ ತಲೆಗೆ ಬರುತ್ತದೆ. ನಿಮ್ಮ ಚಟುವಟಿಕೆ ನೇರವಾಗಿ ಮುಟ್ಟುವ ಒಂದೇ ಒಂದು ಸಂಗತಿಯನ್ನು ಹಿಡಿದುಕೊಳ್ಳಿ.

ಕೌಶಲವನ್ನು ಮಾಡಿಸಿ ನೋಡುವ ಪರೀಕ್ಷೆ ಎಲ್ಲಕ್ಕಿಂತ ಗಟ್ಟಿ. ಓದಿಗಾದರೆ ಹಳ್ಳಿಯ ಮಕ್ಕಳ ಓದು, ಲೆಕ್ಕ ಅಳೆಯಲು 2005ರಿಂದ ನಡೆಯುತ್ತಿರುವ ಅಸರ್ ಸಮೀಕ್ಷೆಯ ಕ್ರಮ ಸಿದ್ಧವಿದೆ: ಅಕ್ಷರ, ಪದ, ಒಂದನೆಯ ತರಗತಿಯ ಮಟ್ಟದ ಸಣ್ಣ ಗದ್ಯ, ಎರಡನೆಯ ತರಗತಿಯ ಮಟ್ಟದ ಕಥೆ, ಮಗುವನ್ನು ಒಬ್ಬೊಬ್ಬರಾಗಿ ಕೂರಿಸಿಕೊಂಡು ಯಾವ ಮೆಟ್ಟಿಲಿನಲ್ಲಿದೆ ಎಂದು ಗುರುತಿಸುವುದು. ಕೆಲವೇ ನಿಮಿಷದ ಕೆಲಸ, ಒಂದು ಹಾಳೆ ಸಾಕು. ಆಟಕ್ಕಾದರೆ ಖೇಲೊ ಇಂಡಿಯಾದ ಶಾಲಾ ಮಕ್ಕಳ ದೈಹಿಕ ಪರೀಕ್ಷೆಯಲ್ಲಿರುವ 50 ಮೀಟರ್ ಓಟ, 600 ಮೀಟರ್ ಓಟ, ಕುಳಿತು ಕೈಚಾಚುವ ಪರೀಕ್ಷೆ. ಫೋನಿನ ಸ್ಟಾಪ್‌ವಾಚ್, ಅಳತೆಯ ಟೇಪು, ಸುಣ್ಣದ ಗೆರೆ ಇದ್ದರಾಯಿತು. ಹೊಲಿಗೆಗೆ, ಕೊಟ್ಟ ಅಳತೆಗೆ ರವಿಕೆ ಹೊಲಿದು ಮುಗಿಸಿದರೇ ಎಂಬುದು. ಕಂಪ್ಯೂಟರಿಗೆ, ‘ನುಡಿ’ ತಂತ್ರಾಂಶದಲ್ಲಿ ಕನ್ನಡದ ನಿಮಿಷಕ್ಕೆಷ್ಟು ಪದ.

ಇದರಲ್ಲಿ ಮೋಸಹೋಗುವ ದಾರಿಗಳೂ ಇವೆ. ಮೊದಲನೆಯದು ನಮ್ಮ ಬಿಸಿಲು. ಮೇ ತಿಂಗಳಲ್ಲಿ ರಾಯಚೂರಿನ ಉಷ್ಣಾಂಶ 40 ಡಿಗ್ರಿ ದಾಟಿರುವಾಗ 600 ಮೀಟರ್ ಓಡಿಸಿ, ಡಿಸೆಂಬರ್ ಮುಂಜಾನೆ ಮತ್ತೆ ಓಡಿಸಿದರೆ ಎಲ್ಲರೂ ಬೇಗ ಓಡುತ್ತಾರೆ. ಶ್ರೇಯಸ್ಸು ತರಬೇತಿಯದಲ್ಲ, ಚಳಿಗಾಲದ್ದು. ಅದೇ ಮೈದಾನ, ಅದೇ ಹೊತ್ತು, ಹತ್ತಿರದ ಹವೆ ಇರಬೇಕು. ಇನ್ನೊಂದು, ಬೆಳೆಯುವ ವಯಸ್ಸು. ಹದಿಮೂರರ ಹುಡುಗ ಸಂಘಕ್ಕೆ ಬಾರದಿದ್ದರೂ ಹದಿನಾಲ್ಕಕ್ಕೆ ಹೆಚ್ಚು ವೇಗವಾಗಿ ಓಡುತ್ತಾನೆ. ಅದಕ್ಕಾಗಿ ಹೆಚ್ಚು ದಿನ ಬಂದವರನ್ನೂ ಕಡಿಮೆ ದಿನ ಬಂದವರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಕಾಯಂ ಸಂಖ್ಯೆ ಇಲ್ಲಿ ಕೈಹಿಡಿಯುತ್ತದೆ. ಅದೂ ಪೂರ್ತಿ ಸಾಕ್ಷಿಯಲ್ಲ, ಏಕೆಂದರೆ ತಪ್ಪದೆ ಬರುವವರು ಮೊದಲೇ ಹುರುಪಿನವರಿರಬಹುದು. ಆದರೆ ಏನೂ ಇಲ್ಲದ್ದಕ್ಕಿಂತ ಎಷ್ಟೋ ಮೇಲು.

ಎಲ್ಲಕ್ಕಿಂತ ಕಳ್ಳ ಲೆಕ್ಕ, ಉಳಿದವರದ್ದು. ಜೂನ್‌ನಲ್ಲಿ 30 ಮಂದಿ ಪರೀಕ್ಷೆ ಬರೆದು ಸರಾಸರಿ 12 ಅಂಕ ಬಂತು. ಜನವರಿಯಲ್ಲಿ ಉಳಿದ 16 ಮಂದಿಗೆ 17 ಬಂತು ಎನ್ನಿ. ಐದು ಅಂಕ ಏರಿತು ಎಂದು ಬರೆಯುವ ಮೊದಲು ಆ 16 ಮಂದಿಯ ಜೂನ್ ಅಂಕವನ್ನು ಮಾತ್ರ ತೆಗೆದು ನೋಡಿ. ಅದು 15 ಇದ್ದರೆ ಏರಿದ್ದು ಎರಡೇ. ಉಳಿದ ಮೂರು ಅಂಕ, ಹಿಂದುಳಿದ ಮಕ್ಕಳು ಬಿಟ್ಟುಹೋದದ್ದರಿಂದ ಬಂದದ್ದು. ಎರಡೂ ಬಾರಿ ಪರೀಕ್ಷೆ ಬರೆದವರನ್ನಷ್ಟೇ ಹೋಲಿಸಿ, ಬಿಟ್ಟವರೆಷ್ಟು ಎಂಬುದನ್ನು ಪಕ್ಕದಲ್ಲೇ ಬರೆಯಿರಿ.

ಆತ್ಮವಿಶ್ವಾಸ, ನಾಯಕತ್ವದಂತಹವನ್ನು ಪ್ರಶ್ನಾವಳಿಯಿಂದ ಅಳೆಯಲು ಹೋಗುವವರು ಹೆಚ್ಚು. 1965ರಲ್ಲಿ ಬಂದ ರೋಸೆನ್‌ಬರ್ಗ್ ಅವರ ಹತ್ತು ಹೇಳಿಕೆಗಳ ಸ್ವಾಭಿಮಾನದ ಮಾಪಕ ಇಂದಿಗೂ ಜಗತ್ತಿನಲ್ಲೆಲ್ಲ ಬಳಕೆಯಲ್ಲಿದೆ. ಹಳ್ಳಿಯಲ್ಲಿ ನಡೆಯುವುದು ಬೇರೆ: ಕಲಿಸುವ ಅಕ್ಕನಿಗೆ ಬೇಸರವಾಗಬಾರದು ಎಂದು ಎಲ್ಲರೂ ಐದಕ್ಕೆ ಐದು ಹಾಕುತ್ತಾರೆ. ಹೆಸರಿಲ್ಲದ ಚೀಟಿ, ಡಬ್ಬಿ ಇಟ್ಟರೆ ಇದು ಸ್ವಲ್ಪ ಕಡಿಮೆಯಾಗುತ್ತದೆ. ಇನ್ನೂ ವಿಚಿತ್ರವೆಂದರೆ ಒಳ್ಳೆಯ ಕಾರ್ಯಕ್ರಮದ ನಂತರ ಅಂಕ ಇಳಿಯುವುದೂ ಉಂಟು. ವೇದಿಕೆ ಹತ್ತದವಳು ‘ನನಗೆ ಭಾಷಣ ಬರುತ್ತದೆ’ ಎಂದು ಜೂನ್‌ನಲ್ಲಿ ನಾಲ್ಕು ಹಾಕುತ್ತಾಳೆ. ನಾಲ್ಕಾರು ಬಾರಿ ಮಾತನಾಡಿದ ಮೇಲೆ ಕಷ್ಟ ತಿಳಿದು ಮೂರು ಹಾಕುತ್ತಾಳೆ. ಕೊನೆಯಲ್ಲಿ ಒಮ್ಮೆಯೇ ‘ಈಗ ಹೇಗೆ, ಸಂಘಕ್ಕೆ ಸೇರುವ ಮೊದಲು ಹೇಗಿತ್ತು’ ಎಂದು ಎರಡನ್ನೂ ಕೇಳಿದರೆ ಈ ತೊಡಕು ತಪ್ಪುತ್ತದೆ, ಆದರೆ ನೆನಪು ನಿಮ್ಮನ್ನು ಮೆಚ್ಚಿಸಲು ಹೊರಡುತ್ತದೆ. ಎರಡರಲ್ಲಿ ನಾನು ಎರಡನೆಯದನ್ನೇ ಆರಿಸುತ್ತೇನೆ, ಜೊತೆಗೆ ಕಣ್ಣಿಗೆ ಕಾಣುವ ಒಂದು ಗುರುತು ಇರಲಿ: ಗ್ರಾಮ ಸಭೆಯಲ್ಲಿ ಈ ವರ್ಷ ಎದ್ದು ಮಾತನಾಡಿದವರೆಷ್ಟು ಮಂದಿ? ಮನೆಯೊಳಗಿನ ಸಂಗತಿ ಕೇಳುವ ಪ್ರಶ್ನೆಗಳನ್ನು ಹಗುರವಾಗಿ ಸೇರಿಸಬೇಡಿ. ಮಗುವೊಂದು ಲೈಂಗಿಕ ದೌರ್ಜನ್ಯದ ವಿಷಯ ಹೇಳಿದರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ನಿಮ್ಮ ಕರ್ತವ್ಯವಾಗುತ್ತದೆ. ಕೇಳುವವರಿಗೆ ಇದೂ, ಮಕ್ಕಳ ಸಹಾಯವಾಣಿ 1098 ಕೂಡ ಗೊತ್ತಿರಬೇಕು.

ಅಂಕಿ ಬೇಡ, ಕಥೆ ಸಾಕು ಎನ್ನುವವರಿಗೆ ‘ಅತಿ ಮಹತ್ವದ ಬದಲಾವಣೆ’ ಎಂಬ ವಿಧಾನವಿದೆ. 1990ರ ದಶಕದಲ್ಲಿ ಬಾಂಗ್ಲಾದೇಶದಲ್ಲಿ ರಿಕ್ ಡೇವಿಸ್ ರೂಪಿಸಿದ್ದು. ಸದಸ್ಯರು ತಮಗೆ ದೊಡ್ಡದೆನಿಸಿದ ಒಂದು ಬದಲಾವಣೆ ಹೇಳುತ್ತಾರೆ. ಎಲ್ಲರೂ ಕುಳಿತು ಯಾವುದು ಮುಖ್ಯ, ಏಕೆ ಎಂದು ಚರ್ಚಿಸಿ ಆರಿಸುತ್ತಾರೆ. ಲಾಭ ಇರುವುದು ಆ ಚರ್ಚೆಯಲ್ಲಿ. ಬರೀ ಒಳ್ಳೆಯ ಕಥೆ ಆಯ್ದು ಫೋಟೊ ಹಾಕಿ ಕಳುಹಿಸುವುದಾದರೆ ಅದು ಜಾಹೀರಾತು. ಎಷ್ಟು ಮಂದಿಗೆ ಹಾಗಾಯಿತು ಎಂಬುದಂತೂ ಇದರಿಂದ ತಿಳಿಯುವುದಿಲ್ಲ.

ತರಬೇತಿ ಕೊಡುವ ಸಂಘಕ್ಕೆ ಇವೆಲ್ಲಕ್ಕಿಂತ ಆರು ತಿಂಗಳ ನಂತರದ ಒಂದು ಫೋನ್ ಕರೆ ಮೇಲು. ಹೊಲಿಗೆಯಿಂದ ದುಡಿಯುತ್ತಿದ್ದೀರಾ, ತಿಂಗಳಿಗೆಷ್ಟು, ಯಂತ್ರ ಸ್ವಂತದ್ದೇ? ಗುಳೆ ಹೋದವರ ನಂಬರ್ ಬದಲಾಗಿರುತ್ತದೆ, ಆದ್ದರಿಂದ ಸೇರುವಾಗಲೇ ಊರಲ್ಲಿ ಇರುವ ಒಬ್ಬ ಸಂಬಂಧಿಕರ ನಂಬರನ್ನೂ ಅವರ ಒಪ್ಪಿಗೆ ಕೇಳಿ ಬರೆದುಕೊಳ್ಳಿ. 25 ಮಂದಿ ಕಲಿತು, 15 ಮಂದಿ ಫೋನಿಗೆ ಸಿಕ್ಕಿ, ಒಂಬತ್ತು ಮಂದಿ ದುಡಿಯುತ್ತಿದ್ದರೆ ಮೂರೂ ಅಂಕಿಗಳನ್ನು ಬರೆಯಿರಿ. ‘ಶೇ 60ರಷ್ಟು ಮಂದಿಗೆ ಉದ್ಯೋಗ’ ಎಂದು ಬರೆದರೆ ಸಿಗದೇ ಹೋದ ಹತ್ತು ಮಂದಿಯನ್ನು ನುಂಗಿದಂತೆ.

ಹಾಗಾದರೆ ಯಾರಿಗೆ ಯಾವುದು?

ಖರ್ಚಿಗೆ ಏನೂ ಇಲ್ಲದ, ಒಬ್ಬಿಬ್ಬರೇ ನಡೆಸುವ ಊರಿನ ಸಂಘಕ್ಕೆ ಕಾಯಂ ಸಂಖ್ಯೆ, ಓಣಿ, ಕಾರಣದ ಅಕ್ಷರ ಇರುವ ಪುಸ್ತಕ, ವರ್ಷಕ್ಕೆರಡು ಬಾರಿ ಓಟದ ಅಥವಾ ಓದಿನ ಪರೀಕ್ಷೆ. ಇಷ್ಟನ್ನು ಬಿಡದೆ ಮಾಡಿದರೆ ದೊಡ್ಡ ಸಂಸ್ಥೆಗಳ ಎಷ್ಟೋ ವರದಿಗಳಿಗಿಂತ ನಿಮ್ಮದು ಗಟ್ಟಿ. ಭಾನುವಾರ ಕುಳಿತುಕೊಳ್ಳುವ ಇನ್ನೊಬ್ಬರು ಸಿಕ್ಕ ದಿನ ಶೀಟ್ ಸೇರಿಸಿ, ಸಿಗದಿದ್ದರೆ ಸೇರಿಸಬೇಡಿ. ನಗರದ ಓದಿನ ಕೇಂದ್ರಕ್ಕೆ ಪುಸ್ತಕದ ಜೊತೆ ಶೀಟ್, ಅಸರ್ ಮಾದರಿಯ ಮೆಟ್ಟಿಲು. ಹೊಲಿಗೆ, ಕಂಪ್ಯೂಟರ್ ಕಲಿಸುವವರಿಗೆ ಪುಸ್ತಕ, ಮಾಡಿ ತೋರಿಸುವ ಪರೀಕ್ಷೆ, ಆರು ತಿಂಗಳ ಕರೆ. ಹಲವು ತಾಲ್ಲೂಕುಗಳಲ್ಲಿ ಸಂಬಳದ ಸಿಬ್ಬಂದಿ ಇಟ್ಟು ಕೆಲಸ ಮಾಡುವವರಿಗೆ ಮಾತ್ರ ಕೋಬೊದಂತಹದು.

ದಾನಿಗಳು ‘ಪರಿಣಾಮದ ಮೌಲ್ಯಮಾಪನ’ ಎಂಬ ದೊಡ್ಡ ಮಾತು ಎತ್ತಿದರೆ ಗಾಬರಿಯಾಗಬೇಡಿ. 2021ರ ಜನವರಿಯಲ್ಲಿ ತಿದ್ದುಪಡಿಯಾದ, ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ (ಸಿಎಸ್‌ಆರ್) ನಿಯಮಗಳಂತೆ ಅದು ಕಡ್ಡಾಯವಿರುವುದು ಹಿಂದಿನ ಮೂರು ವರ್ಷಗಳಲ್ಲಿ ಸರಾಸರಿ 10 ಕೋಟಿ ರೂಪಾಯಿ ಅಥವಾ ಹೆಚ್ಚು ಸಿಎಸ್‌ಆರ್ ಬಾಧ್ಯತೆ ಇರುವ ಕಂಪನಿಗಳಿಗೆ. ಅದೂ ಒಂದು ಕೋಟಿ ರೂಪಾಯಿ ಅಥವಾ ಹೆಚ್ಚಿನ ವೆಚ್ಚದ, ಮುಗಿದು ಒಂದು ವರ್ಷವಾದರೂ ಕಳೆದ ಯೋಜನೆಗಳಿಗೆ. ಅದನ್ನು ಮಾಡಿಸಬೇಕಾದದ್ದೂ ಸ್ವತಂತ್ರ ಸಂಸ್ಥೆಯಿಂದ. ನಿಮ್ಮ ಒಂದೆರಡು ಲಕ್ಷದ ಕಾರ್ಯಕ್ರಮಕ್ಕೆ ಆ ನಿಯಮ ತಾಗುವುದಿಲ್ಲ. ತಿಂಗಳಿಗೊಂದು ಹಾಳೆ ಕಳುಹಿಸಿ: ಹೆಸರು ನೋಂದಾಯಿಸಿದವರು, ಮುಕ್ಕಾಲು ಪಾಲು ದಿನಗಳಿಗಿಂತ ಹೆಚ್ಚು ಬಂದವರು, ಅವರಲ್ಲಿ ಹುಡುಗಿಯರು, ಮೂರು ‘ಗೈ’ ಬಿದ್ದವರು, ಅವರಲ್ಲಿ ಮನೆಗೆ ಹೋಗಿ ಮಾತನಾಡಿಸಿದ ಮೇಲೆ ಮರಳಿದವರು. ಅದಾದ ಮೇಲೂ ಯಂತ್ರವೇ ಬೇಕೆಂದರೆ ಯಂತ್ರದ ಬೆಲೆಯ ಜೊತೆಗೆ ಅದನ್ನು ನೋಡಿಕೊಳ್ಳುವವರ ವರ್ಷದ ಗೌರವಧನವನ್ನೂ ಅರ್ಜಿಯಲ್ಲಿ ಬರೆದು ಕೊಡಿ.